ಹೆಡ್ ಬಿಚ್ಚದೇ ನಿಂತ ಕಟಕಟ: ಮನೆಯಲ್ಲೇ ಟೈಮಿಂಗ್ ಚೈನ್ ಟೆನ್ಷನರ್ ಬದಲಿಸಿದ್ದು

ಮೈಸೂರಿನಿಂದ ಮಂಡ್ಯಕ್ಕೆ ಬೈಕಿನಲ್ಲಿ ಓಡಾಡುವವರಿಗೆ 2023ರ ಆಗಸ್ಟ್‌ನಿಂದ ಸರ್ವಿಸ್ ರಸ್ತೆಯೇ ಗತಿ, ಎಕ್ಸ್‌ಪ್ರೆಸ್‌ವೇಗೆ ಬೈಕ್ ಬಿಡಲ್ಲ. ಹಂಪು, ತಿರುವು, ಮುಂದೆ ಕಬ್ಬಿನ ಗಾಡಿ. ಆಕ್ಸಿಲರೇಟರ್ ಕೊಡೋದು, ಬಿಡೋದು, ಇದೇ ಆಗುತ್ತೆ. ನನ್ನ 150 ಸಿಸಿ ಬೈಕಿನ ಕಾಯಿಲೆ ಗೊತ್ತಾಗಿದ್ದೂ ಹೀಗೇ. ಆಕ್ಸಿಲರೇಟರ್ ಬಿಟ್ಟ ತಕ್ಷಣ ಎಂಜಿನ್ನಿನ ಎಡಗಡೆಯಿಂದ ಕಟಕಟ ಸದ್ದು. ಒಂದೇ ಸಮನೆ ಎಳೆಯುವಾಗ ಸುಮ್ಮನಿರುತ್ತಿತ್ತು.

ಗ್ಯಾರೇಜಿನಲ್ಲಿ ಕೇಳಿದರೆ "ಹೆಡ್ ಬಿಚ್ಚಲೇಬೇಕು ಸಾರ್" ಅಂದರು, ಅಂದರೆ ಸಿಲಿಂಡರಿನ ಮೇಲಿನ ಭಾಗ. ಸದ್ದು ಎಲ್ಲಿಂದ ಬರ್ತಿದೆ ಅಂತ ಕಿವಿಗೊಡದೆ ಹೆಡ್ ಬಿಚ್ಚೋದು ನನಗೆ ಸರಿ ಕಾಣಲಿಲ್ಲ. ಮನೆಗೆ ತಂದು ಡಬಲ್ ಸ್ಟ್ಯಾಂಡ್ ಹಾಕಿದೆ. ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು ತುದಿಯನ್ನು ಎಂಜಿನ್ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿದೆ. ವಾಲ್ವ್ ಒತ್ತುವ ಟ್ಯಾಪೆಟ್ಟಿನ ಕವರ್ ಮೇಲೆ ಸಣ್ಣ ಟಿಕ್ ಟಿಕ್, ಅದು ತಾಳ ತಪ್ಪದೆ ಬರುತ್ತಿತ್ತು. ಸಿಲಿಂಡರಿನ ಎಡ ಮಗ್ಗುಲಿಗೆ ಇಟ್ಟಾಗ ಮಾತ್ರ ತಾಳವಿಲ್ಲದ ಕಟಕಟ. ಅಲ್ಲೇ ಟೈಮಿಂಗ್ ಚೈನ್ ಓಡೋದು. ಟ್ಯಾಪೆಟ್ ಸದ್ದು ಮತ್ತು ಚೈನ್ ಸದ್ದು ಬೇರೆ ಬೇರೆ ಅಂತ ಒಮ್ಮೆ ಕಿವಿಗೆ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ನಮ್ಮ ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳಿಗೆ ಈ ರಗಳೆ ಇರಲಿಲ್ಲ. ಟೂ ಸ್ಟ್ರೋಕ್ ಗಾಡಿಗಳು, ವಾಲ್ವೂ ಇಲ್ಲ, ಅದನ್ನು ತೆರೆಯುವ ಕ್ಯಾಮೂ ಇಲ್ಲ, ಆ ಚೈನೂ ಇಲ್ಲ. ಫೋರ್ ಸ್ಟ್ರೋಕಿನಲ್ಲಿ ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಈ ಲೆಕ್ಕ ತಪ್ಪದಂತೆ ಹಿಡಿದಿಡೋದು ಚೈನ್. ಅದು ಸವೆದು ಉದ್ದವಾದಂತೆ ಸಡಿಲವಾಗುತ್ತೆ. ಆ ಸಡಿಲವನ್ನು ಟೆನ್ಷನರಿನ ಕಡ್ಡಿ ಗೈಡಿನ (ಚೈನಿಗೆ ಒರಗಿದ ರಬ್ಬರ್ ಪಟ್ಟಿ) ಮೇಲೆ ಒತ್ತಿ ಎಳೆದುಕೊಳ್ಳುತ್ತೆ. ಒಳಗೆ ಸುರುಳಿ ಸ್ಪ್ರಿಂಗ್ ಇದೆ. ಕಡ್ಡಿ ತಾನಾಗಿ ಮುಂದೆ ಹೋಗುತ್ತೆ, ಹಿಂದೆ ಬರಬಾರದು.

ಬಿಚ್ಚುವ ಮುಂಚೆ ಎಂಜಿನ್ ಪೂರ್ತಿ ತಣ್ಣಗಾಗಲಿ. ಪ್ಲಗ್ ತೆಗೆದೆ. ಮ್ಯಾಗ್ನೆಟ್ ಕವರಿನ ಎರಡು ಮುಚ್ಚಳ ಬಿಚ್ಚಿ, ಕ್ರ್ಯಾಂಕನ್ನು ಅದು ಓಡುವ ದಿಕ್ಕಿಗೇ ನಿಧಾನವಾಗಿ ತಿರುಗಿಸಿ 'ಟಿ' ಗುರುತನ್ನು (ಪಿಸ್ಟನ್ ತುತ್ತತುದಿಗೆ ಬಂದಿದೆ ಅಂತ ತೋರಿಸುವುದು) ಕಿಂಡಿಯ ಗೆರೆಗೆ ತಂದೆ. ಆ ಗುರುತು ಎರಡು ಸಲ ಬರುತ್ತೆ, ನಮಗೆ ಬೇಕಾದ್ದು ಕಂಪ್ರೆಷನ್ನಿನದು. ಪ್ಲಗ್ ತೂತಿಗೆ ಹೆಬ್ಬೆರಳಿಟ್ಟರೆ ಗಾಳಿ ಒತ್ತಿ ಬರುವ ಸುತ್ತು ಅದು. ಆಗ ಎರಡೂ ವಾಲ್ವ್ ಮುಚ್ಚಿರುತ್ತವೆ, ಕ್ಯಾಮ್ ಮೇಲೆ ಸ್ಪ್ರಿಂಗಿನ ಒತ್ತಡ ಇರಲ್ಲ. ಇಲ್ಲಿಂದ ಮುಂದೆ ಟೆನ್ಷನರ್ ಮತ್ತೆ ಕೂರುವ ತನಕ ಕಿಕ್ಕರ್ ಮುಟ್ಟಬಾರದು, ಗೇರಿನಲ್ಲಿ ಗಾಡಿ ತಳ್ಳಬಾರದು. ಚೈನ್ ಒಂದು ಹಲ್ಲು ಹಾರಿದರೂ ಟೈಮಿಂಗ್ ತಪ್ಪುತ್ತೆ. ಜಾಸ್ತಿ ಹಾರಿದರೆ ವಾಲ್ವ್ ಪಿಸ್ಟನ್ನಿಗೆ ಬಡಿಯಬಹುದು. ಗಾಡಿ ಹತ್ತಿರ ಮಕ್ಕಳನ್ನು ಬಿಡಬೇಡಿ, ಅವರ ಕಾಲು ಮೊದಲು ಹೋಗೋದೇ ಕಿಕ್ಕರಿಗೆ.

ಟೆನ್ಷನರ್ ಇರೋದು ಸಿಲಿಂಡರ್ ಹಿಂದೆ, ಕಾರ್ಬೊರೇಟರ್ ಕೆಳಗೆ, ಕೈ ಹೋಗದ ಜಾಗದಲ್ಲಿ. ಮೊದಲು ನಡುವಿನ ಸಣ್ಣ ಬೋಲ್ಟ್, ಆಮೇಲೆ ಎರಡು ಬದಿಯ ಬೋಲ್ಟ್. ಹಳೆಯದು ಕೈಗೆ ಬಂದ ಮೇಲೆ ಸುಮ್ನೆ ಬಿಸಾಕಬೇಡಿ. ಕಡ್ಡಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ನನ್ನದು ಒತ್ತಿದಷ್ಟೂ ಒಳಗೆ ಹೋಯಿತು, ಕೆಟ್ಟಿರೋದಕ್ಕೆ ಬೇರೆ ಸಾಕ್ಷಿ ಬೇಡ. ಒಂದು ವೇಳೆ ಅದು ಗಟ್ಟಿಯಾಗಿದ್ದು, ಕಡ್ಡಿ ಕೊನೆಯವರೆಗೂ ಹೊರಬಂದಿದ್ದರೆ ಚೈನೇ ಉದ್ದವಾಗಿದೆ ಅಂತ ಲೆಕ್ಕ. ಆಗ ಹೊಸ ಟೆನ್ಷನರ್ ಹಾಕಿ ಪ್ರಯೋಜನವಿಲ್ಲ, ಚೈನ್ ಮತ್ತು ಗೈಡ್ ಬದಲಿಸಬೇಕು.

ಹೊಸದಕ್ಕೆ ಕೆಲವು ನೂರು ರೂಪಾಯಿ ಅಷ್ಟೇ. ಜೊತೆಗೆ ಪ್ಯಾಕಿಂಗ್ ಮತ್ತು ಓ ರಿಂಗ್ ಹೊಸದೇ ತನ್ನಿ. ಹಿಂಭಾಗದ ತೂತಿನಲ್ಲಿ ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ಬಲಕ್ಕೆ ತಿರುಗಿಸಿದರೆ ಕಡ್ಡಿ ಒಳಗೆ ಸರಿಯುತ್ತೆ. ಕಷ್ಟ ಇರೋದು ಅದನ್ನು ಹಾಗೇ ಹಿಡಿದುಕೊಂಡು ಬೋಲ್ಟ್ ಹಾಕೋದರಲ್ಲಿ. ನಾನು 1 ಮಿ.ಮೀ. ದಪ್ಪದ ತಗಡಿನ ತುಂಡನ್ನು ಬೀಗದ ಕೈ ಥರ ಕತ್ತರಿಸಿ ಸಿಕ್ಕಿಸಿದೆ, ಅದೇ ಸ್ಪ್ರಿಂಗನ್ನು ತಡೆದು ನಿಂತಿತು. ಬೋಲ್ಟ್ ಎರಡೂ 6 ಮಿ.ಮೀ.ನವು, ಕೂರೋದು ಅಲ್ಯೂಮಿನಿಯಮ್ಮಿನಲ್ಲಿ. ಸುಮಾರು 10 ನ್ಯೂಟನ್ ಮೀಟರ್ ಸಾಕು. ಉದ್ದನೆಯ ಸ್ಪ್ಯಾನರ್ ಹಾಕಿ ಬಲ ತೋರಿಸಿದರೆ ತೂತಿನ ಮರೆ (ಥ್ರೆಡ್) ಹೋಗುತ್ತೆ. ಆಮೇಲೆ ತಗಡು ಎಳೆದೆ. ಸರ್ರ್ ಅಂತ ಕಡ್ಡಿ ಹೋಗಿ ಗೈಡಿಗೆ ತಾಗಿತು.

ಅಡ್ಜಸ್ಟ್ ಮಾಡೋದು ಅಂದರೆ ಇಷ್ಟೇ, ಸ್ಪ್ರಿಂಗಿಗೆ ಬಿಟ್ಟುಬಿಡೋದು. ಇನ್ನೂ ಸ್ವಲ್ಪ ಟೈಟ್ ಇರಲಿ ಅಂತ ಸ್ಕ್ರೂಡ್ರೈವರಿನಿಂದ ಎಡಕ್ಕೆ ಒತ್ತಿ ತಿರುಗಿಸುವವರನ್ನು ನೋಡಿದ್ದೇನೆ. ಅವತ್ತಿಗೆ ಸದ್ದು ಇರಲ್ಲ ನಿಜ. ಆದರೆ ಬಿಗಿಯಾದ ಚೈನ್ ಗೈಡಿನ ರಬ್ಬರನ್ನು ತಿನ್ನುತ್ತೆ, ಆ ಚೂರುಗಳು ಎಣ್ಣೆಗೆ ಸೇರುತ್ತವೆ. ಕಟಕಟಕ್ಕಿಂತ ಅದು ಕೆಟ್ಟದ್ದು.

ಸ್ಟಾರ್ಟ್ ಮಾಡುವ ಮುಂಚೆ ಕ್ರ್ಯಾಂಕನ್ನು ಕೈಯಲ್ಲೇ ಪೂರ್ತಿ ಎರಡು ಸುತ್ತು ತಿರುಗಿಸಿದೆ. ಎಲ್ಲೂ ತಡೆಯಲಿಲ್ಲ, ಗುರುತು ಗೆರೆಗೇ ಬಂತು. ನಡುವಿನ ಬೋಲ್ಟ್, ಪ್ಲಗ್, ಮುಚ್ಚಳ ಹಾಕಿ ಸೆಲ್ಫ್ ಒತ್ತಿದೆ. ಚಾಮುಂಡಿ ಬೆಟ್ಟಕ್ಕೆ ಹೋಗಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟು ಬಿಟ್ಟು ನೋಡಿದೆ, ಎಡಗಡೆ ಸದ್ದಿಲ್ಲ. ಪ್ಯಾಕಿಂಗಿನ ಬುಡದಲ್ಲಿ ಎಣ್ಣೆ ಜಿನುಗಿಲ್ಲ. ಟ್ಯಾಪೆಟ್ಟಿನ ಟಿಕ್ ಟಿಕ್ ಮಾತ್ರ ಹಾಗೇ ಇದೆ, ಅದಕ್ಕೆ ಸಂದು ಅಳೆಯುವ ಫೀಲರ್ ಗೇಜ್ ತರಬೇಕು.