ಎಡಪುಟದಲ್ಲಿ ಸರ್ಕಾರ, ಬಲಪುಟದಲ್ಲಿ ಪಕ್ಷ

ಪದವಿ ತರಗತಿಗಳಿಗೆ ಆಧುನಿಕ ಜಗತ್ತಿನ ಇತಿಹಾಸವನ್ನು ಬೋಧಿಸುವವರಿಗೆ ಒಂದು ಪ್ರಶ್ನೆ ಪ್ರತಿವರ್ಷವೂ ಎದುರಾಗುತ್ತದೆ: ಕಮ್ಯುನಿಸ್ಟ್ ರಾಷ್ಟ್ರಗಳು ತಮ್ಮ ಸಿದ್ಧಾಂತವನ್ನು ಹೊರದೇಶಗಳಲ್ಲಿ ಹರಡಿದ್ದು ಹೇಗೆ? ನಮ್ಮ ಪಠ್ಯಗಳಲ್ಲಿ ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. ಮಾಸ್ಕೋದಲ್ಲಿ ಕುಳಿತವರು ಆಜ್ಞೆ ಮಾಡಿದರು, ಉಳಿದೆಡೆಯ ಪಕ್ಷಗಳು ಪಾಲಿಸಿದವು ಎನ್ನುವುದು ಒಂದು. ಹಸಿವು, ಜಮೀನ್ದಾರಿ ಮತ್ತು ವಸಾಹತು ಆಳ್ವಿಕೆಗಳೇ ಜನರನ್ನು ಅತ್ತ ತಳ್ಳಿದವು, ಹೊರಗಿನವರ ಪಾತ್ರ ಅಲ್ಪ ಎನ್ನುವುದು ಇನ್ನೊಂದು. ಎರಡನ್ನೂ ಪಾಠ ಮಾಡಿ ನೋಡಿದ ಮೇಲೆ, ಎರಡರಲ್ಲಿಯೂ ಒಂದು ಸಂಗತಿ ಬಿಟ್ಟುಹೋಗಿದೆ ಎಂದು ನನಗೆ ಅನ್ನಿಸತೊಡಗಿತು. ಕಮ್ಯುನಿಸ್ಟ್ ಪಕ್ಷವೊಂದು ಅಧಿಕಾರ ಹಿಡಿದ ಕೂಡಲೇ ಅದರ ಹೆಗಲಿಗೆ ಎರಡು ಕೆಲಸಗಳು ಬೀಳುತ್ತವೆ. ಬೇರೆ ಸರ್ಕಾರಗಳೊಡನೆ ಒಪ್ಪಂದ ಮಾಡಿಕೊಂಡು ತನ್ನ ದೇಶವನ್ನು ಉಳಿಸಿಕೊಳ್ಳಬೇಕು. ಅವೇ ಸರ್ಕಾರಗಳನ್ನು ಉರುಳಿಸಲು ಹೊರಟ ಸಂಗಾತಿಗಳಿಗೆ ನೆರವನ್ನೂ ನೀಡಬೇಕು. ಒಂದೇ ಕೈ ಈ ಎರಡನ್ನೂ ಹೇಗೆ ಮಾಡಿತು ಎಂದು ತಿಳಿಯಲು ನಾನು ಇಟ್ಟುಕೊಂಡ ಟಿಪ್ಪಣಿ ಪುಸ್ತಕ ಮತ್ತು ಅದನ್ನು ತುಂಬಿಸುತ್ತ ಹೋದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಕ್ರಮ ಸರಳವಾದದ್ದು. ಅಗಲವಾದ ಲೆಕ್ಕದ ಪುಸ್ತಕವೊಂದನ್ನು ತೆಗೆದುಕೊಂಡು, ಎಡಪುಟದಲ್ಲಿ ಸರ್ಕಾರ ಮಾಡಿದ ಒಪ್ಪಂದ, ಕೊಟ್ಟ ಸಾಲ, ಪೂರೈಸಿದ ಶಸ್ತ್ರಾಸ್ತ್ರಗಳನ್ನೂ, ಬಲಪುಟದಲ್ಲಿ ಪಕ್ಷ ಮಾಡಿದ ನಿರ್ಣಯ, ನಡೆಸಿದ ತರಬೇತಿ ಶಾಲೆ, ಹೊರಗಿನ ಸಂಗಾತಿಗಳಿಗೆ ಕಳುಹಿಸಿದ ಸೂಚನೆಗಳನ್ನೂ ದಿನಾಂಕ ಸಮೇತ ಬರೆದುಕೊಂಡೆ. ನಾಯಕರ ಭಾಷಣಗಳನ್ನು ಮೊದಲ ಸುತ್ತಿನಲ್ಲಿ ಬೇಕೆಂದೇ ಕೈಬಿಟ್ಟೆ, ಏಕೆಂದರೆ ಭಾಷಣದಲ್ಲಿ ಎರಡೂ ಕೆಲಸಗಳಿಗೆ ಜಾಗವಿರುತ್ತದೆ, ಸಹಿಯಲ್ಲಿ ಇರುವುದಿಲ್ಲ. ಒಪ್ಪಂದಗಳ ಪೂರ್ಣಪಾಠ, ಕಮ್ಯುನಿಸ್ಟ್ ಪಕ್ಷಗಳ ಅಂತರರಾಷ್ಟ್ರೀಯ ಕೂಟವಾದ ಕಾಮಿಂಟರ್ನ್‌ನ ಮಹಾಧಿವೇಶನಗಳ ನಡಾವಳಿ, ಬ್ರಿಟಿಷ್ ಭಾರತದ ಗುಪ್ತಚರ ವರದಿಗಳು, 1991ರ ನಂತರ ತೆರೆದುಕೊಂಡ ಮಾಸ್ಕೋ ಕಡತಗಳ ಇಂಗ್ಲಿಷ್ ಅನುವಾದಗಳು ನನ್ನ ಮುಖ್ಯ ಆಕರಗಳಾಗಿದ್ದವು. ಇವುಗಳಲ್ಲಿ ಗುಪ್ತಚರ ವರದಿಗಳನ್ನು ಓದುವಾಗ ವಿಶೇಷ ಎಚ್ಚರಿಕೆ ಬೇಕು. ಅಪಾಯವನ್ನು ಹಿಗ್ಗಿಸಿ ಹೇಳುವುದರಲ್ಲೇ ಆ ಇಲಾಖೆಯ ಹೊಟ್ಟೆಪಾಡು ಇತ್ತು. ಆದರೆ ಯಾರು ಯಾವಾಗ ಯಾವ ಗಡಿ ದಾಟಿದರು ಎಂಬಂಥ ವಿವರಗಳಿಗೆ ಅವುಗಳಷ್ಟು ಉಪಯುಕ್ತವಾದ ಆಕರ ಬೇರೆ ಸಿಗಲಿಲ್ಲ.

ಮೊದಲು ತುಂಬಿದ್ದು ಬಲಪುಟ. 1919ರ ಮಾರ್ಚ್‌ನಲ್ಲಿ ಮಾಸ್ಕೋದಲ್ಲಿ ಕಾಮಿಂಟರ್ನ್, ಅಂದರೆ ಮೂರನೆಯ ಇಂಟರ್‌ನ್ಯಾಷನಲ್, ಹುಟ್ಟಿತು. 1920ರ ಎರಡನೆಯ ಮಹಾಧಿವೇಶನವು ಸದಸ್ಯತ್ವಕ್ಕೆ 21 ಷರತ್ತುಗಳನ್ನು ವಿಧಿಸಿತು. ಸೋವಿಯತ್ ಗಣರಾಜ್ಯಗಳಿಗೆ ನಿಶ್ಶರ್ತ ಬೆಂಬಲ ಕೊಡಬೇಕು, ಮಹಾಧಿವೇಶನ ಮತ್ತು ಕಾರ್ಯಕಾರಿ ಸಮಿತಿಯ ತೀರ್ಮಾನಗಳಿಗೆ ಬದ್ಧವಾಗಿರಬೇಕು ಎನ್ನುವುದು ಅವುಗಳಲ್ಲಿ ಸೇರಿತ್ತು. ವಸಾಹತುಗಳ ಪ್ರಶ್ನೆಯ ಮೇಲೆ ಲೆನಿನ್ ಮತ್ತು ಭಾರತದ ಕ್ರಾಂತಿಕಾರಿ ಎಂ.ಎನ್. ರಾಯ್ ನಡುವೆ ಪ್ರಸಿದ್ಧ ಚರ್ಚೆ ನಡೆದದ್ದೂ ಅಲ್ಲಿಯೇ. ಸೆಪ್ಟೆಂಬರ್‌ನಲ್ಲಿ ಬಾಕುವಿನಲ್ಲಿ ಪೂರ್ವದೇಶಗಳ ಜನರ ಸಮ್ಮೇಳನ ಸೇರಿತು. ಅಕ್ಟೋಬರ್ 17ರಂದು ತಾಷ್ಕೆಂಟ್‌ನಲ್ಲಿ ರಾಯ್ ಮತ್ತು ಸಂಗಡಿಗರು ಭಾರತದ ಕಮ್ಯುನಿಸ್ಟ್ ಪಕ್ಷವನ್ನು ಸ್ಥಾಪಿಸಿದರು. ಖಿಲಾಫತ್ ಚಳವಳಿಯ ಕಾವಿನಲ್ಲಿ ದೇಶ ಬಿಟ್ಟುಹೋಗಿದ್ದ ಮುಹಾಜಿರ್ ಯುವಕರಿಗೆ ಅಲ್ಲಿ ಸೈನಿಕ ಶಾಲೆಯೊಂದು ತೆರೆಯಿತು. ಬಲಪುಟವನ್ನಷ್ಟೇ ಓದಿದರೆ ಕೆಂಪು ಸೇನೆ ನಾಳೆಯೇ ಖೈಬರ್ ಕಣಿವೆಗೆ ಇಳಿಯುತ್ತದೆ ಎನ್ನಿಸಬೇಕು.

ಎಡಪುಟದಲ್ಲಿ 1921ರ ಮಾರ್ಚ್ 16ರ ದಿನಾಂಕ ಬರೆದಾಗ ಚಿತ್ರ ತಿರುಗಿತು. ಅಂದು ಲಂಡನ್ನಿನಲ್ಲಿ ಸೋವಿಯತ್ ಸರ್ಕಾರ ಬ್ರಿಟನ್ನಿನೊಡನೆ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿತು. ಏಷ್ಯಾದ ಜನರನ್ನು, ಅದರಲ್ಲೂ ಭಾರತ ಮತ್ತು ಆಫ್ಘಾನಿಸ್ತಾನದಲ್ಲಿ, ಬ್ರಿಟಿಷ್ ಸಾಮ್ರಾಜ್ಯದ ವಿರುದ್ಧ ಪ್ರಚೋದಿಸುವ ಯಾವ ಕಾರ್ಯವನ್ನಾಗಲಿ ಪ್ರಚಾರವನ್ನಾಗಲಿ ಮಾಡುವುದಿಲ್ಲ ಎಂಬ ಮಾತನ್ನು ಒಪ್ಪಂದದ ಪೀಠಿಕೆಯಲ್ಲಿಯೇ ಕೊಡಲಾಯಿತು. ತಾಷ್ಕೆಂಟ್ ಶಾಲೆ ಆ ವರ್ಷವೇ ಮುಚ್ಚಿತು. ಅಲ್ಲಿದ್ದವರಲ್ಲಿ ಕೆಲವರನ್ನು ಮಾಸ್ಕೋದಲ್ಲಿ ಆಗಷ್ಟೇ ತೆರೆದಿದ್ದ ಪೂರ್ವದೇಶಗಳ ಶ್ರಮಜೀವಿಗಳ ಕಮ್ಯುನಿಸ್ಟ್ ವಿಶ್ವವಿದ್ಯಾಲಯಕ್ಕೆ ಸೇರಿಸಿಕೊಳ್ಳಲಾಯಿತು. ಊರಿಗೆ ಮರಳಿದವರಲ್ಲಿ ಹಲವರು ಪೆಷಾವರ ಪಿತೂರಿ ಮೊಕದ್ದಮೆಗಳಲ್ಲಿ ಸೆರೆಮನೆ ಸೇರಿದರು.

ಲಂಡನ್ನಿನ ಸಹಿಯ ದಿನವೇ, ಅಂದರೆ ಮಾರ್ಚ್ 16ರಂದೇ, ಮಾಸ್ಕೋದಲ್ಲಿ ಇನ್ನೊಂದು ಸಹಿ ಬಿತ್ತು. ಅದು ಟರ್ಕಿಯ ಮುಸ್ತಫಾ ಕೆಮಾಲನ ಅಂಕಾರಾ ಸರ್ಕಾರದೊಡನೆ ಮಾಡಿಕೊಂಡ ಸ್ನೇಹ ಒಪ್ಪಂದ. ಟರ್ಕಿಯ ಕಮ್ಯುನಿಸ್ಟ್ ನಾಯಕ ಮುಸ್ತಫಾ ಸುಫಿಯನ್ನೂ ಅವನ ಸಂಗಾತಿಗಳನ್ನೂ ಜನವರಿ ಕೊನೆಯಲ್ಲಷ್ಟೇ ಟ್ರಾಬ್ಜಾನ್ ಬಳಿ ಕಪ್ಪುಸಮುದ್ರದಲ್ಲಿ ಕೊಂದು ಮುಳುಗಿಸಲಾಗಿತ್ತು. ಒಪ್ಪಂದ ನಿಲ್ಲಲಿಲ್ಲ, ಗ್ರೀಕರ ವಿರುದ್ಧ ಹೋರಾಡುತ್ತಿದ್ದ ಅಂಕಾರಾಕ್ಕೆ ಚಿನ್ನ ಮತ್ತು ಶಸ್ತ್ರಗಳ ನೆರವೂ ನಿಲ್ಲಲಿಲ್ಲ. ತರಗತಿಯಲ್ಲಿ ಈಗ ನಾನು ಈ ವಿಷಯವನ್ನು ಆರಂಭಿಸುವುದೇ ಈ ಒಂದು ದಿನಾಂಕದಿಂದ. ಸಿದ್ಧಾಂತವು ಬರಿಯ ಮುಖವಾಡವಾಗಿತ್ತು ಎಂದು ವಿದ್ಯಾರ್ಥಿಗಳು ತಕ್ಷಣ ತೀರ್ಮಾನಿಸಲು ಹೊರಡುತ್ತಾರೆ. ಅವರನ್ನು ಅಲ್ಲಿಯೇ ತಡೆಯಬೇಕಾಗುತ್ತದೆ. ಮುಖವಾಡವಾಗಿದ್ದರೆ ಶಾಲೆಯನ್ನು ಮುಚ್ಚಿದ ಮೇಲೆ ವಿದ್ಯಾರ್ಥಿಗಳನ್ನು ಮಾಸ್ಕೋಗೆ ಕರೆದೊಯ್ದು ವರ್ಷಗಟ್ಟಲೆ ಓದಿಸುವ ಅಗತ್ಯವೇನಿತ್ತು? ಸರ್ಕಾರ ಹಿಂದೆ ಸರಿದ ಜಾಗದಲ್ಲಿ ಕೆಲಸ ನಿಧಾನವಾಯಿತು, ದೂರದ ಗಡುವಿನದಾಯಿತು, ಆದರೆ ನಿಲ್ಲಲಿಲ್ಲ.

ಇದನ್ನು ಸಾಧ್ಯವಾಗಿಸಿದ್ದು ಒಂದು ಕಾನೂನಿನ ಜಾಣ್ಮೆ. 1923ರ ಮೇ ತಿಂಗಳಲ್ಲಿ ಬ್ರಿಟಿಷ್ ವಿದೇಶಾಂಗ ಸಚಿವ ಕರ್ಜನ್, ನಮ್ಮ ಬಂಗಾಳ ವಿಭಜನೆಯ ಅದೇ ಕರ್ಜನ್, ಒಪ್ಪಂದದ ಉಲ್ಲಂಘನೆಯ ಆರೋಪಪಟ್ಟಿಯೊಡನೆ ಮಾಸ್ಕೋಗೆ ಅಂತಿಮ ಎಚ್ಚರಿಕೆ ಕಳುಹಿಸಿದ. ಇಂಥ ದೂರುಗಳಿಗೆಲ್ಲ ಸೋವಿಯತ್ ಸರ್ಕಾರದ ವಾದ ಒಂದೇ ಆಗಿತ್ತು: ಕಾಮಿಂಟರ್ನ್ ಸ್ವತಂತ್ರ ಅಂತರರಾಷ್ಟ್ರೀಯ ಸಂಸ್ಥೆ, ಅದರ ಕಚೇರಿ ಮಾಸ್ಕೋದಲ್ಲಿದೆ ಎಂಬ ಕಾರಣಕ್ಕೆ ಅದರ ಕೆಲಸಗಳಿಗೆ ಸರ್ಕಾರ ಹೊಣೆಯಲ್ಲ. ಎರಡನ್ನೂ ಪಕ್ಷದ ಅತ್ಯುನ್ನತ ಸಮಿತಿಯಾದ ಒಂದೇ ಪಾಲಿಟ್‌ಬ್ಯೂರೊ ನಡೆಸುತ್ತಿತ್ತು ಎನ್ನುವುದು ಎಲ್ಲರಿಗೂ ತಿಳಿದಿತ್ತು. ಆದರೂ ರಾಜತಾಂತ್ರಿಕ ಕಾಗದಗಳಲ್ಲಿ ಆ ಗೋಡೆ ನಿಂತಿತು, ಹಾಗೂ ಮುಂದೆ ಅಧಿಕಾರಕ್ಕೆ ಬಂದ ಕಮ್ಯುನಿಸ್ಟ್ ಪಕ್ಷಗಳೂ ಅದೇ ಗೋಡೆಯನ್ನು ಕಟ್ಟಿಕೊಂಡವು.

ನಡುವಿನ ಇಪ್ಪತ್ತು ವರ್ಷಗಳನ್ನು ಇಲ್ಲಿ ವೇಗವಾಗಿ ದಾಟುತ್ತೇನೆ, ಏಕೆಂದರೆ ಅವು ಎಲ್ಲ ಪಠ್ಯಗಳಲ್ಲೂ ಇವೆ. ಚೀನಾದಲ್ಲಿ ಕಾಮಿಂಟರ್ನ್‌ನ ಪ್ರತಿನಿಧಿ ಬೊರೊಡಿನ್ ರಾಷ್ಟ್ರೀಯವಾದಿ ಕೌಮಿಂಟಾಂಗ್ ಪಕ್ಷವನ್ನು ಬೆಳೆಸಿಕೊಟ್ಟ. ಅದೇ ಕೌಮಿಂಟಾಂಗ್‌ನ ಚಿಯಾಂಗ್ 1927ರ ಏಪ್ರಿಲ್ 12ರಂದು ಶಾಂಘೈನ ಕಮ್ಯುನಿಸ್ಟರನ್ನು ಕೊಲ್ಲಿಸಿದ. 1939ರ ಆಗಸ್ಟ್ 23ರ ಸೋವಿಯತ್–ಜರ್ಮನ್ ಒಪ್ಪಂದದ ನಂತರ ಕಮ್ಯುನಿಸ್ಟರ ಪಾಲಿಗೆ ಸಾಮ್ರಾಜ್ಯಶಾಹಿ ಯುದ್ಧವಾಗಿದ್ದ ಮಹಾಯುದ್ಧ, 1941ರ ಜೂನ್ 22ರಂದು ಜರ್ಮನಿ ಸೋವಿಯತ್ ಮೇಲೆ ದಾಳಿ ಮಾಡಿದ ನಂತರ ಜನತಾ ಯುದ್ಧವಾಯಿತು, ಆ ತಿರುವಿಗೆ ಕ್ವಿಟ್ ಇಂಡಿಯಾ ಚಳವಳಿಯಿಂದ ದೂರ ಉಳಿದು ಭಾರತದ ಪಕ್ಷ ತೆತ್ತ ಬೆಲೆ ನಮಗೆಲ್ಲ ಗೊತ್ತು. 1943ರಲ್ಲಿ ಮಿತ್ರರಾಷ್ಟ್ರಗಳ ಸಮಾಧಾನಕ್ಕಾಗಿ ಕಾಮಿಂಟರ್ನ್ ವಿಸರ್ಜನೆಯಾಯಿತು. ಅದರ ಕೆಲಸ ಕೇಂದ್ರ ಸಮಿತಿಯ ಅಂತರರಾಷ್ಟ್ರೀಯ ವಿಭಾಗಕ್ಕೆ ಸೇರಿತು.

ನನಗೆ ಹೆಚ್ಚು ಹೊತ್ತು ಹಿಡಿದದ್ದು 1955. ಆ ವರ್ಷದ ಜನವರಿ 26ರಂದು ಸೋವಿಯತ್ ಕಮ್ಯುನಿಸ್ಟ್ ಪಕ್ಷದ ಪ್ರಾವ್ದಾ ಪತ್ರಿಕೆ ನೆಹರೂ ಸರ್ಕಾರದ ವಿದೇಶಾಂಗ ನೀತಿಯನ್ನು ಹೊಗಳಿ ಸಂಪಾದಕೀಯ ಬರೆಯಿತು. ಫೆಬ್ರವರಿ 2ರಂದು ಭಿಲಾಯಿ ಉಕ್ಕಿನ ಕಾರ್ಖಾನೆಯ ಒಪ್ಪಂದಕ್ಕೆ ಸಹಿಯಾಯಿತು. ಅದೇ ಫೆಬ್ರವರಿಯಲ್ಲಿ ಆಂಧ್ರದಲ್ಲಿ ಚುನಾವಣೆ ಇತ್ತು. ತಾವೇ ಸರ್ಕಾರ ರಚಿಸುತ್ತೇವೆಂದು ಕಮ್ಯುನಿಸ್ಟರು ನಂಬಿದ್ದರು. ಕಾಂಗ್ರೆಸ್ಸಿನವರು ಪ್ರಾವ್ದಾದ ಹೊಗಳಿಕೆಯನ್ನೇ ಅಚ್ಚುಹಾಕಿಸಿ ಹಂಚಿದರು. 196 ಸ್ಥಾನಗಳ ಸಭೆಯಲ್ಲಿ ಕಮ್ಯುನಿಸ್ಟರಿಗೆ ದಕ್ಕಿದ್ದು 15. ಸೋಲಿಗೆ ಬೇರೆ ಕಾರಣಗಳೂ ಇದ್ದವು, ಕಮ್ಯುನಿಸ್ಟರ ವಿರೋಧಿಗಳನ್ನೆಲ್ಲ ಕಾಂಗ್ರೆಸ್ ಒಟ್ಟುಗೂಡಿಸಿತ್ತು. ಆದರೂ ದೊಡ್ಡ ಅಣ್ಣನೇ ಎದುರಾಳಿಯ ಬೆನ್ನು ತಟ್ಟಿದ ಮೇಲೆ ತಮ್ಮಂದಿರು ಹಳ್ಳಿಹಳ್ಳಿಗೆ ಹೋಗಿ ಏನೆಂದು ವಿವರಿಸಬೇಕಿತ್ತು? ವರ್ಷದ ಕೊನೆಯಲ್ಲಿ ಸೋವಿಯತ್ ನಾಯಕರಾದ ಬುಲ್ಗಾನಿನ್ ಮತ್ತು ಖ್ರುಶ್ಚೇವ್ ಭಾರತ ಪ್ರವಾಸಕ್ಕೆ ಬಂದರು, ಬೆಂಗಳೂರನ್ನೂ ನೋಡಿದರು. ಅವರ ಆತಿಥೇಯರು ಕಾಂಗ್ರೆಸ್ ಸರ್ಕಾರದವರು.

ಇದರ ಪಕ್ಕಕ್ಕೆ ಈಜಿಪ್ಟಿನ ಸಾಲನ್ನು ಬರೆದಾಗ ಇದು ಭಾರತಕ್ಕೆ ಸೀಮಿತವಾದ ಕಥೆಯಲ್ಲ ಎಂಬುದು ಸ್ಪಷ್ಟವಾಯಿತು. ಆಸ್ವಾನ್ ಅಣೆಕಟ್ಟಿನ ಸೋವಿಯತ್ ಸಾಲದ ಒಪ್ಪಂದ 1958ರ ಡಿಸೆಂಬರ್ 27ರದು; ನಾಸರ್ ಕಮ್ಯುನಿಸ್ಟರ ಸಾಮೂಹಿಕ ಬಂಧನ ಆರಂಭಿಸಿದ್ದು 1959ರ ಜನವರಿ 1ರಂದು. ಮಾತಿನ ಜಗಳ ನಡೆಯಿತು, ಅಣೆಕಟ್ಟಿನ ಕೆಲಸವೂ ನಡೆಯಿತು. ಅನಂತರ ಸಿದ್ಧಾಂತವೇ ಈ ವಾಸ್ತವಕ್ಕೆ ತಕ್ಕಂತೆ ಬಾಗಿತು: 1960ರ ನವೆಂಬರ್‌ನಲ್ಲಿ ಮಾಸ್ಕೋದಲ್ಲಿ ಸೇರಿದ 81 ಪಕ್ಷಗಳ ಸಭೆ ‘ರಾಷ್ಟ್ರೀಯ ಪ್ರಜಾಪ್ರಭುತ್ವದ ರಾಜ್ಯ’ ಎಂಬ ಹೊಸ ವರ್ಗವನ್ನು ಅಂಗೀಕರಿಸಿತು. ಕಮ್ಯುನಿಸ್ಟರಲ್ಲದ ನಾಯಕರೂ ದೇಶವನ್ನು ಸಮಾಜವಾದದ ದಾರಿಗೆ ತರಬಲ್ಲರು ಎಂಬ ಆಶಯಕ್ಕೆ ಇದರಿಂದ ಶಾಸ್ತ್ರದ ಆಧಾರ ದೊರೆಯಿತು. 1965ರಲ್ಲಿ ಈಜಿಪ್ಟಿನ ಕಮ್ಯುನಿಸ್ಟ್ ಪಕ್ಷ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು.

ಹಾಗಾದರೆ ಸಿದ್ಧಾಂತ ಹರಡಿದ್ದು ಎಲ್ಲಿಂದ? ನನ್ನ ಪುಸ್ತಕದ ಎರಡೂ ಪುಟಗಳಲ್ಲಿ ಜಾಗ ಸಿಗದ ವಸ್ತುಗಳಿಗಾಗಿ ಕೊನೆಯಲ್ಲಿ ಕೆಲವು ಹಾಳೆಗಳನ್ನು ಬಿಟ್ಟುಕೊಳ್ಳಬೇಕಾಯಿತು. ನನ್ನ ತಲೆಮಾರಿನ ಕನ್ನಡಿಗರಿಗೆ ಇದು ಪುಸ್ತಕದ ಮಾತಲ್ಲ, ಅನುಭವದ ಮಾತು. ಗಟ್ಟಿರಟ್ಟಿನ ಸೋವಿಯತ್ ಪುಸ್ತಕಗಳು ನವಕರ್ನಾಟಕದ ಮಳಿಗೆಗಳಲ್ಲಿ ವಿದ್ಯಾರ್ಥಿಯ ಕಿಸೆಗೆ ಎಟುಕುವ ಬೆಲೆಗೆ ಸಿಗುತ್ತಿದ್ದವು. ಲೆನಿನ್ನನ ಸಂಪುಟಗಳ ಪಕ್ಕದಲ್ಲಿಯೇ ಮೀರ್ ಪ್ರಕಾಶನದ ಗಣಿತ ಮತ್ತು ಭೌತಶಾಸ್ತ್ರದ ಪುಸ್ತಕಗಳಿದ್ದವು. ಎಂಜಿನಿಯರಿಂಗ್ ಓದುವವರು ಮೊದಲು ಕೈಹಾಕುತ್ತಿದ್ದುದು ಅವುಗಳಿಗೆ. 1953ರಿಂದ ಭಾರತ ಮತ್ತು ಸೋವಿಯತ್ ನಡುವಿನ ವ್ಯಾಪಾರ ರೂಪಾಯಿಯಲ್ಲೇ ಚುಕ್ತಾ ಆಗುತ್ತಿದ್ದುದರಿಂದ ಇಲ್ಲಿ ಮಾರಿದ ಪುಸ್ತಕಕ್ಕೆ ಡಾಲರ್ ಬೇಕಿರಲಿಲ್ಲ. 1960ರಲ್ಲಿ ಮಾಸ್ಕೋದಲ್ಲಿ ಆರಂಭವಾಗಿ ಮರುವರ್ಷ ಪ್ಯಾಟ್ರಿಸ್ ಲುಮುಂಬಾ ಹೆಸರು ಪಡೆದ ಜನಮೈತ್ರಿ ವಿಶ್ವವಿದ್ಯಾಲಯ ಏಷ್ಯಾ, ಆಫ್ರಿಕಾ ಮತ್ತು ಲ್ಯಾಟಿನ್ ಅಮೆರಿಕದ ವಿದ್ಯಾರ್ಥಿಗಳನ್ನು ಉಚಿತವಾಗಿ ಓದಿಸಿತು. ಇವು ಪಕ್ಷಗಳನ್ನು ಕಟ್ಟಲಿಲ್ಲ. ಆ ದೇಶದ ಬಗ್ಗೆ ಒಂದು ಒಲವನ್ನು ಕಟ್ಟಿದವು, ಅದು ಯಾವ ನಿರ್ಣಯಕ್ಕಿಂತಲೂ ಹೆಚ್ಚು ಕಾಲ ಬಾಳಿತು ಎಂಬುದು ನನ್ನ ಅಭಿಪ್ರಾಯ.

ಚೀನಾಕ್ಕೆ ಬಂದಾಗ ಈ ಕ್ರಮ ಕೆಲಸಕ್ಕೆ ಬರಲಾರದು ಎಂದು ನನಗೆ ಅನುಮಾನವಿತ್ತು, ಏಕೆಂದರೆ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಎಡಪುಟವೇ ಬಹುಮಟ್ಟಿಗೆ ಖಾಲಿ. 1967ರ ಜುಲೈ 5ರಂದು ಪೀಕಿಂಗಿನ (ಇಂದಿನ ಬೀಜಿಂಗ್) ಪಕ್ಷದ ಪತ್ರಿಕೆ ಪೀಪಲ್ಸ್ ಡೈಲಿ ನಕ್ಸಲ್‌ಬಾರಿಯ ದಂಗೆಯನ್ನು ಭಾರತದ ಮೇಲಿನ ವಸಂತದ ಗುಡುಗೆಂದು ಕೊಂಡಾಡಿತು. ಆದರೆ 1971ರ ಏಪ್ರಿಲ್‌ನಲ್ಲಿ ಸಿಲೋನಿನಲ್ಲಿ (ಇಂದಿನ ಶ್ರೀಲಂಕಾ) ಜೆವಿಪಿ ಎಂಬ ಎಡಪಂಥೀಯ ಪಕ್ಷದ ಯುವಕರು ದಂಗೆ ಎದ್ದಾಗ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಬೆಂಬಲದ ಪತ್ರ ಬರೆದದ್ದು ಪ್ರಧಾನಿ ಸಿರಿಮಾವೊ ಬಂಡಾರನಾಯಿಕೆಯವರಿಗೆ. ಜೊತೆಗೆ ಬಡ್ಡಿಯಿಲ್ಲದ ಸಾಲವೂ ಬಂತು. ಸೋವಿಯತ್ ಮಿಗ್ ವಿಮಾನಗಳು, ಭಾರತದ ಹೆಲಿಕಾಪ್ಟರ್‌ಗಳು, ಬ್ರಿಟನ್ ಮತ್ತು ಅಮೆರಿಕದ ನೆರವು, ಎಲ್ಲವೂ ಅದೇ ಸರ್ಕಾರದ ಪರವಾಗಿದ್ದವು.

ಈ ಕ್ರಮಕ್ಕೆ ಒಗ್ಗದ ದೇಶ ಕ್ಯೂಬಾ. 1975ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಸೇನೆ ಅಂಗೋಲಾದೊಳಕ್ಕೆ ನುಗ್ಗುತ್ತಿದ್ದಾಗ ಕ್ಯಾಸ್ಟ್ರೊ ಮಾಸ್ಕೋದ ಒಪ್ಪಿಗೆಗೆ ಕಾಯದೆ ಅಲ್ಲಿನ ಎಡಪಂಥೀಯರ ನೆರವಿಗೆ ಸೈನಿಕರನ್ನು ಕಳುಹಿಸಿದ. ಅಮೆರಿಕದೊಡನೆ ಸಂಬಂಧ ಸುಧಾರಿಸುವ ಮಾತುಕತೆ ಅದರಿಂದ ಮುರಿಯುತ್ತದೆ ಎಂದು ಅವನಿಗೆ ತಿಳಿದಿತ್ತು, ಮುರಿಯಿತು. ಇಲ್ಲಿ ಎಡಪುಟ ಬಲಪುಟಕ್ಕೆ ಶರಣಾಯಿತು. ಸಿದ್ಧಾಂತಕ್ಕಾಗಿ ರಾಜ್ಯದ ಹಿತವನ್ನು ಒತ್ತೆಯಿಟ್ಟ ಸಣ್ಣ ದೇಶವೊಂದು ಇರುವವರೆಗೆ, ಹಿತವೇ ಯಾವಾಗಲೂ ಗೆಲ್ಲುತ್ತದೆ ಎಂಬ ಸೂತ್ರವನ್ನು ವಿದ್ಯಾರ್ಥಿಗಳಿಗೆ ಬರೆಸಲು ನನಗೆ ಮನಸ್ಸಾಗದು.

ಪುಸ್ತಕದಲ್ಲಿ ಕೊನೆಯದಾಗಿ ಬರೆದ ಜೋಡಿ ಮಲೇಷ್ಯಾದ್ದು. ಮಲಯಾ ಕಮ್ಯುನಿಸ್ಟ್ ಪಕ್ಷದ ಬಾನುಲಿ ಕೇಂದ್ರ 1969ರಿಂದ ಚೀನಾದ ಹುನಾನ್ ಪ್ರಾಂತ್ಯದಿಂದ ಪ್ರಸಾರವಾಗುತ್ತಿತ್ತು. 1974ರ ಮೇ ತಿಂಗಳಲ್ಲಿ ಚೀನಾ ಮತ್ತು ಮಲೇಷ್ಯಾ ರಾಯಭಾರ ಸಂಬಂಧ ಬೆಳೆಸಿಕೊಂಡ ಮೇಲೂ ಬಾನುಲಿ ನಿಲ್ಲಲಿಲ್ಲ. ಪಕ್ಷಗಳ ನಡುವಿನ ಸಂಬಂಧ ಬೇರೆ, ಸರ್ಕಾರಗಳ ನಡುವಿನ ಸಂಬಂಧ ಬೇರೆ ಎಂಬ ಉತ್ತರ ಪೀಕಿಂಗಿನಲ್ಲಿ ಸಿದ್ಧವಾಗಿತ್ತು. 1978ರ ನವೆಂಬರ್‌ನಲ್ಲಿ ಚೀನಾದ ನಾಯಕ ಡೆಂಗ್ ಶಿಯಾವೊಪಿಂಗ್ ಸಿಂಗಪುರಕ್ಕೆ ಬಂದು ವಿಯೆಟ್ನಾಂ ವಿರುದ್ಧ ನೆರೆಯವರ ಬೆಂಬಲ ಕೋರಿದಾಗ, ಮೊದಲು ಆ ಪ್ರಸಾರಗಳನ್ನು ನಿಲ್ಲಿಸಿ ಎಂದು ಅಲ್ಲಿನ ಪ್ರಧಾನಿ ಲೀ ಕುವಾನ್ ಯೂ ಮುಖಕ್ಕೆ ಹೇಳಿದರು. ಮಲಯಾ ಪಕ್ಷದ ನಾಯಕ ಚಿನ್ ಪೆಂಗ್‌ಗೆ ಡೆಂಗ್ ಅವರ ಸೂಚನೆ ತಲುಪಿತು, 1981ರ ಜೂನ್‌ನಲ್ಲಿ ಹುನಾನ್ ಕೇಂದ್ರ ಮುಚ್ಚಿತು. ಥಾಯ್ ಗಡಿಯ ಕಾಡಿನಿಂದ ಬೇರೆ ಹೆಸರಿನಲ್ಲಿ ಪ್ರಸಾರ ಮುಂದುವರಿಸಿದ ಆ ಪಕ್ಷ 1989ರ ಡಿಸೆಂಬರ್ 2ರಂದು ಹಾಟ್ ಯಾಯ್‌ನಲ್ಲಿ ಶಸ್ತ್ರ ಕೆಳಗಿಡುವ ಒಪ್ಪಂದಕ್ಕೆ ಸಹಿ ಹಾಕಿತು.