ಮಳೆನೀರಲ್ಲಿ ಪೇಪರ್ ಹೊಡೆದ ಲೆಕ್ಕ: ನನ್ನ ಅನುಭವ

ಕೋಲಾರದಲ್ಲಿ ದಿನಪತ್ರಿಕೆ ಹೊಡೆಯುವ ಪ್ರೆಸ್ ನಮ್ಮದು. ತಾತನ ಕಾಲ್ತುಳಿತದ ಟ್ರೆಡಲ್ ಮಷೀನಿಗಾಗಲಿ ಅಪ್ಪನ ಸಿಲಿಂಡರ್ ಮಷೀನಿಗಾಗಲಿ ನೀರು ಬೇಕಿರಲಿಲ್ಲ. ಅಚ್ಚಿನ ಮೊಳೆ ಜೋಡಿಸಿ ಶಾಯಿ ಹಚ್ಚಿ ಒತ್ತಿದರೆ ಮುಗೀತು. ಮೂರನೇ ತಲೆಮಾರಿಗೆ ಆಫ್‌ಸೆಟ್ ಬಂತು. ಅದರಲ್ಲಿ ಪ್ಲೇಟಿನ ಖಾಲಿ ಜಾಗಕ್ಕೆ ಇಂಕ್ ಹತ್ತದಂತೆ ತಡೆಯುವುದೇ ನೀರು. ಕೋಲಾರದ ಬೋರ್ ನೀರಿನ ಕಾಟ ಆಗ ಶುರುವಾಯಿತು.

ನಮ್ಮ ಬೋರ್‌ನ ಟಿಡಿಎಸ್, ಅಂದರೆ ಒಂದು ಲೀಟರಲ್ಲಿ ಕರಗಿರುವ ಲವಣ, 1,100 ಮಿ.ಗ್ರಾಂ. ಆಸುಪಾಸು. ಪ್ಲೇಟಿಗೆ ನೀರುಣಿಸುವ ಫೌಂಟನ್ ತೊಟ್ಟಿಗೆ ಇದನ್ನೇ ಹಾಕಿದರೆ ನೀರಿನ ಸುಣ್ಣ ಇಂಕಿನ ಜಿಡ್ಡಿಗೆ ಸೇರಿ ರೋಲರ್ ಮೇಲೆ ಗಾಜಿನ ಹಾಗೆ ಕೂರುತ್ತದೆ. ರೋಲರ್ ಇಂಕ್ ಹಿಡಿಯೋದಿಲ್ಲ, ಫೋಟೊ ಬಿಳಚಿಕೊಳ್ಳುತ್ತದೆ. ಇಂಕ್ ಜಾಸ್ತಿ ಬಿಟ್ಟರೆ ಖಾಲಿ ಜಾಗವೆಲ್ಲ ಮಸಿ. 1,200 ಪ್ರತಿಗೆ ನೂರೈವತ್ತು ಶೀಟ್ ವೇಸ್ಟ್. 45 ಜಿಎಸ್‌ಎಂ (ಚದರ ಮೀಟರಿಗೆ 45 ಗ್ರಾಂ) ಕಾಗದದ ಡೆಮ್ಮಿ ಅಳತೆಯ ಶೀಟ್ ಒಂದು ಸುಮಾರು 12 ಗ್ರಾಂ, ಅಂದರೆ ದಿನಕ್ಕೆ ಹತ್ತಿರ ಎರಡು ಕೆಜಿ ಕಾಗದ ರದ್ದಿಗೆ. ರೋಲರ್‌ಗೆ ಮತ್ತೆ ರಬ್ಬರ್ ಹಾಕಿಸಿದ ಖರ್ಚು ಬೇರೆ.

ಪಟಿಕ ಹಾಕಿ ನೋಡಿದೆ. ಕೆಸರು ಕೂತಿತು, ಗಡಸು ಹಾಗೇ ಉಳಿಯಿತು. ಕುದಿಸಿದರೆ ಅರ್ಧ ಗಡಸೂ ಹೋಗಲಿಲ್ಲ. ಶುದ್ಧ ನೀರಿನ ಘಟಕದ ಕ್ಯಾನ್ ತಂದರೆ ಪರವಾಗಿಲ್ಲ, ಆದರೆ ಅಲ್ಲಿನ ಸೋಸುವ ಮೆಂಬ್ರೇನ್ ಹಳತಾದಂತೆ ಟಿಡಿಎಸ್ ಏರುತ್ತದೆ. ಪ್ರತಿ ಕ್ಯಾನ್‌ಗೂ ಫೌಂಟನ್ ನೀರಿಗೆ ಬೆರೆಸುವ ಕೆಮಿಕಲ್ ಅಳತೆ ಬದಲಿಸಬೇಕಾಯಿತು.

ಮಳೆನೀರು ಅಂದಾಗ ಮೆಕ್ಯಾನಿಕ್‌ನಿಂದ ಹಿಡಿದು ಪಕ್ಕದ ಪ್ರೆಸ್‌ನವರವರೆಗೆ ಯಾರೂ ಒಪ್ಪಲಿಲ್ಲ. ಮೊದಲ ವರ್ಷ ಕೆಟ್ಟದ್ದೂ ನಿಜ. ತಾರಸಿಯಿಂದ ಹಿಡಿದಿದ್ದೆ, ಸಿಮೆಂಟಿನ ಸುಣ್ಣ ನೀರಿಗಿಳಿದು ಪಿಎಚ್ (ಹುಳಿ-ಕ್ಷಾರದ ಅಳತೆ) ಏರಿ ಪ್ಲೇಟ್ ಮಸಿ ಹಿಡಿಯಿತು. ಈಗ ಜಿಂಕ್ ಶೀಟಿನ ಮಾಡಿನಿಂದ ಹಿಡಿಯುತ್ತೇನೆ. ಮೊದಲ ಹದಿನೈದು ನಿಮಿಷದ ನೀರು ಹೊರಗೆ, ಉಳಿದದ್ದು ಎರಡು ಮಡಿಕೆ ಪಂಚೆಯಲ್ಲಿ ಸೋಸಿ ಕಪ್ಪು ಟ್ಯಾಂಕಿಗೆ. ಬೆಳಕು ಬಿದ್ದರೆ ಪಾಚಿ. ಮುನ್ನೂರು ಚದರಡಿ ಮಾಡಿಗೆ 25 ಮಿ.ಮೀ. ಮಳೆ ಬಂದರೆ ಏಳುನೂರು ಲೀಟರ್ ಹತ್ತಿರ. ದಿನದ ಖರ್ಚು ಐದು ಲೀಟರ್ ಒಳಗೇ. ನವೆಂಬರ್‌ನಲ್ಲಿ ಸಾವಿರ ಲೀಟರ್ ಟ್ಯಾಂಕ್ ತುಂಬಿದ್ದರೆ ಮೇ ಮಳೆಯವರೆಗೆ ಚಿಂತೆಯಿಲ್ಲ.

ಬರೀ ಮಳೆನೀರು ಮಾತ್ರ ಬೇಡ, ತೀರಾ ಮೆದು. ಅದು ಕಾಗದದ ಸುಣ್ಣವನ್ನೇ ಎಳೆಯುತ್ತದೆ. ನಾಲ್ಕು ಪಾಲಿಗೆ ಒಂದು ಪಾಲು ಬೋರ್ ನೀರು ಬೆರೆಸಿ, ಆಮೇಲೆ ಫೌಂಟನ್ ಕೆಮಿಕಲ್ ಶೇಕಡ ಎರಡೂವರೆ. ಪಿಎಚ್ ಪಟ್ಟಿ 5ರ ಹತ್ತಿರ ನಿಲ್ಲಬೇಕು. 4.5ಕ್ಕಿಂತ ಇಳಿದರೆ ಇಂಕ್ ಒಣಗದೆ ಮಡಿಸುವಾಗ ಕೈಗೆ ಅಂಟುತ್ತದೆ.

ಈಗ ವೇಸ್ಟ್ ಮೂವತ್ತು ಶೀಟ್ ದಾಟುವುದಿಲ್ಲ. ಈ ಊರಲ್ಲಿ ನಮ್ಮಷ್ಟು ಕಪ್ಪಾಗಿ ಹೆಡ್‌ಲೈನ್ ಬೀಳುವ ಪೇಪರ್ ಇನ್ನೊಂದಿಲ್ಲ. ಶನಿವಾರ ರೋಲರ್‌ಗೆ ಬಿಳಿ ವಿನೆಗರ್ ನೀರಿನ ತೊಳೆತ, ಆಮೇಲೆ ಬರೀ ನೀರಿನಲ್ಲಿ ಎರಡು ಸಲ. ಅದರ ಮೇಲೆ ಸವರುವುದೊಂದಿದೆ, ಅದು ನಮ್ಮ ಪ್ರೆಸ್‌ನಲ್ಲೇ ಇರಲಿ.