ಬಸ್ ನಕ್ಷೆ: ದಪ್ಪ ಗೆರೆ ಯಾವ ಮಾರ್ಗಕ್ಕೆ?

ನಗರದ ಬಸ್ ನಕ್ಷೆ ಮಾಡಹೊರಟವರು ಎಲ್ಲ ಮಾರ್ಗಗಳನ್ನೂ ಒಂದೇ ದಪ್ಪದಲ್ಲಿ ಎಳೆದು, ಬಣ್ಣ ಮಾತ್ರ ಬದಲಿಸಿ ಕೈತೊಳೆದುಕೊಳ್ಳುತ್ತಾರೆ. ಹತ್ತು ನಿಮಿಷಕ್ಕೊಮ್ಮೆ ಬರುವ ಬಸ್ಸಿಗೂ ದಿನಕ್ಕೆರಡೇ ಸಲ ಓಡುವ ಬಸ್ಸಿಗೂ ಅಲ್ಲಿ ಸಮಾನ ಮರ್ಯಾದೆ. ಅದನ್ನು ನಂಬಿ ನಿಲ್ದಾಣಕ್ಕೆ ಹೋದವರ ಪಾಡು ಕೇಳಬೇಡಿ.

ಮೊದಲು ಮಾರ್ಗಪಟ್ಟಿ, ವೇಳಾಪಟ್ಟಿ ತರಿಸಿಕೊಳ್ಳಿ. ಸಾರಿಗೆ ಸಂಸ್ಥೆ ಜಿಟಿಎಫ್‌ಎಸ್ ಮಾದರಿಯಲ್ಲಿ (ಮಾರ್ಗ, ನಿಲ್ದಾಣ, ಸಮಯಗಳನ್ನು ಕಂಪ್ಯೂಟರ್ ಓದುವಂತೆ ಜೋಡಿಸುವ ಸಾಮಾನ್ಯ ಪದ್ಧತಿ) ದತ್ತಾಂಶ ಪ್ರಕಟಿಸಿದ್ದರೆ ಅರ್ಧ ಕೆಲಸ ಮುಗಿದಂತೆ.

ಎರಡನೆಯದು ವಿಂಗಡಣೆ. ಎಡವುವುದು ಇಲ್ಲಿಯೇ. ಹಗಲಿಡೀ 15 ನಿಮಿಷಕ್ಕೊಂದು ಬಸ್ ಇದ್ದರೆ ಮಾತ್ರ ದಪ್ಪ ಗೆರೆ. ಇದರಲ್ಲಿ ದಾಕ್ಷಿಣ್ಯ ಬೇಡ. ಸರಾಸರಿಯನ್ನಂತೂ ನಂಬಲೇಬೇಡಿ. ಬೆಳಿಗ್ಗೆ 6ರಿಂದ ರಾತ್ರಿ 9ರವರೆಗೆ ಒಂದು ದಿಕ್ಕಿಗೆ 60 ಟ್ರಿಪ್ ಎಂದರೆ ಕಾಗದದ ಮೇಲೆ ಕಾಲು ಗಂಟೆಗೊಂದು. ಆದರೆ ಅದರಲ್ಲಿ 40 ಟ್ರಿಪ್ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆಯಲ್ಲೇ ಮುಗಿದರೆ, ಉಳಿದ 11 ಗಂಟೆಗೆ ದಕ್ಕುವುದು 20 ಬಸ್. ಮಧ್ಯಾಹ್ನ ಆಸ್ಪತ್ರೆಗೆ ಹೊರಟವರು ಅರ್ಧ ಗಂಟೆಗೂ ಮಿಕ್ಕಿ ಕಾಯಬೇಕಾದೀತು. ಆದ್ದರಿಂದ ವೇಳಾಪಟ್ಟಿಯಲ್ಲಿ ಮಧ್ಯಾಹ್ನ 2 ಗಂಟೆಯ ಆಸುಪಾಸಿನ ಸಾಲುಗಳನ್ನು ಬೆರಳಿಟ್ಟು ಓದಿ. ಒಂದೇ ರಸ್ತೆಯಲ್ಲಿ ಎರಡು ಮಾರ್ಗಗಳು ತಲಾ ಅರ್ಧ ಗಂಟೆಗೊಮ್ಮೆ ಓಡುತ್ತಿದ್ದರೆ, ಎರಡನ್ನೂ ಕೂಡಿಸಿ 15 ನಿಮಿಷ ಎಂದು ಬರೆದುಬಿಡುವ ಆಸೆಯಾಗುತ್ತದೆ. ಎರಡೂ 2.05ಕ್ಕೇ ಬಂದರೆ ಮುಂದಿನ ಬಸ್ 2.35ಕ್ಕೇ. ಒಂದನ್ನು 2.20ಕ್ಕೆ ಸರಿಸಲು ಸಂಸ್ಥೆಯನ್ನು ಒಪ್ಪಿಸಿ, ಆಮೇಲೆ ದಪ್ಪ ಗೆರೆಗೆ ಕೈಹಾಕಿ.

ಮಾರ್ಗಕ್ಕೊಂದು ಬಣ್ಣ ಹಚ್ಚುವ ಚಟ ಬಿಡಿ. ದಕ್ಷಿಣ ಕೊರಿಯಾದ ಸೋಲ್ ನಗರ 2004ರಲ್ಲಿ ಬಸ್ಸುಗಳನ್ನು ನಾಲ್ಕೇ ಬಣ್ಣಗಳಲ್ಲಿ ವಿಂಗಡಿಸಿತು: ಮುಖ್ಯ ಮಾರ್ಗಕ್ಕೆ ನೀಲಿ, ಸಂಪರ್ಕ ಬಸ್ಸಿಗೆ ಹಸಿರು, ಹೊರವಲಯದ ವೇಗದ ಬಸ್ಸಿಗೆ ಕೆಂಪು, ನಗರಕೇಂದ್ರದ ಸುತ್ತುಬಸ್ಸಿಗೆ ಹಳದಿ. ಸಂಖ್ಯೆಗಳಿಗೂ ಇಂಥದೇ ಶಿಸ್ತು ಬೇಕು. 2012ರಲ್ಲಿ ಆರಂಭವಾದ ಬಾರ್ಸಿಲೋನಾದ ಹೊಸ ಜಾಲದಲ್ಲಿ ಅಡ್ಡ ಮಾರ್ಗ ಎಚ್, ಉದ್ದ ಮಾರ್ಗ ವಿ, ಓರೆ ಮಾರ್ಗ ಡಿ. ಅಕ್ಷರ ನೋಡಿದರೆ ದಿಕ್ಕು ಗೊತ್ತು. 12, 12ಎ, 12ಎ ವಿಶೇಷ ಎಂದು ಬಾಲ ಬೆಳೆಸಿದರೆ ಕಂಡಕ್ಟರನ್ನು ಕೇಳದೆ ಯಾರೂ ಹತ್ತಲಾರರು.

ಕೊನೆಗೆ ನಿಲ್ದಾಣದ ಫಲಕ. ಇಡೀ ನಗರದ ನಕ್ಷೆಯನ್ನು ಕುಗ್ಗಿಸಿ ಅಂಟಿಸುವುದು ಶುದ್ಧ ಸೋಮಾರಿತನ. ಆ ನಿಲ್ದಾಣದಿಂದ ಹೊರಡುವ ಬಸ್ಸುಗಳಷ್ಟನ್ನೇ ತೋರಿಸಿ. ಲಂಡನ್ನಿನ ಜೇಡ ನಕ್ಷೆಗಳು (ಒಂದು ತಾಣದಿಂದ ಮಾರ್ಗಗಳು ಜೇಡನ ಕಾಲುಗಳಂತೆ ಹರಡುವ ನಕ್ಷೆಗಳು) ಮಾಡುವುದು ಹೆಚ್ಚುಕಡಿಮೆ ಇದನ್ನೇ. ಆ್ಯಪ್ ಇದೆಯಲ್ಲ ಎನ್ನುವವರಿಗೆ ಒಂದು ಮಾತು: ವೇಳಾಪಟ್ಟಿಯ ಸಮಯವನ್ನೇ ‘ಲೈವ್’ ಎಂದು ತೋರಿಸುವ ಆ್ಯಪ್‌ಗಳಿವೆ, ಅವು ಇಲ್ಲದಿದ್ದರೇ ಮೇಲು. ಫಲಕದ ಮೂಲೆಯಲ್ಲಿ ಮುದ್ರಿಸಿದ ತಿಂಗಳು, ವರ್ಷ ಹಾಕಿ; ಮಾರ್ಗ ಬದಲಾದ ದಿನವೇ ಹಳೆಯದನ್ನು ಕೀಳಿಸಿ.